ಚಾಮರಾಜಪೇಟೆಗೆ ಸ್ಕ್ಯಾನಿಂಗಿಗೆ ಹೋಗಿಬಂದದ್ದು

ಮಲ್ಲೇಶ್ವರದಿಂದ ಚಾಮರಾಜಪೇಟೆ ದೂರವೇನಲ್ಲ. ಆದರೂ ಆ ಜೂನ್ ಬೆಳಿಗ್ಗೆ ಐದು ವರ್ಷದ ಮಗಳು ಸಿಂಧುವನ್ನು ಆಟೋದಲ್ಲಿ ಕೂರಿಸಿಕೊಂಡಾಗ ದೇಶಾಂತರ ಹೊರಟಂತಿತ್ತು ನನಗೆ. ಹುಟ್ಟಿದಾಗಿನಿಂದ ಅವಳ ಕತ್ತಿನ ಎಡಗಡೆ ನಿಂಬೆಹಣ್ಣಿನಷ್ಟು ಮೆತ್ತನೆಯ ಗಂಟಿತ್ತು, ನೋವಿರಲಿಲ್ಲ. ಹಿಂದಿನ ವಾರ ನೆಗಡಿಯಾದಾಗ ಅದು ಇದ್ದಕ್ಕಿದ್ದಂತೆ ಮೂಸಂಬಿಯಷ್ಟಾಗಿ, ಗಟ್ಟಿಯಾಗಿ, ನೀಲಿಗಟ್ಟಿತು. ಒಳಗೆ ಉಸಿರಿನ ನಳಿಕೆಯನ್ನು ಒತ್ತುತ್ತಿದೆಯೋ ಏನೋ ನೋಡಬೇಕೆಂದು ಡಾಕ್ಟರು ಎಂಆರ್‌ಐ ಬರೆದುಕೊಟ್ಟರು. ನಮ್ಮ ಯಜಮಾನರದು ಅವೆನ್ಯೂ ರಸ್ತೆಯಲ್ಲಿ ನೋಟ್‌ಬುಕ್ಕಿನ ಅಂಗಡಿ. ಶಾಲೆ ಶುರುವಾಗುವ ಕಾಲ, ಅಂಗಡಿ ಬಿಟ್ಟು ಬರುವಂತಿಲ್ಲ ಎಂದರು. ಮಗಳಿಗೆ ಸೂಜಿ ಚುಚ್ಚುವುದನ್ನು ಅವರು ನೋಡಲಾರರು ಎಂಬುದೂ ನನಗೆ ಗೊತ್ತಿತ್ತು.

ಅಲುಗಾಡದೆ ಮಲಗಲೆಂದು ನಿದ್ದೆಯ ಔಷಧಿ ಕೊಡುವುದರಿಂದ ಅವಳಿಗೆ ಏನೂ ತಿನ್ನಿಸುವಂತಿರಲಿಲ್ಲ. ಅಕ್ಕಿಪೇಟೆಯ ಹತ್ತಿರ ಲಾರಿಗಳ ಹಿಂದೆ ಆಟೋ ನಿಂತಿತು. ಪಕ್ಕದ ಹೋಟೆಲಿನಿಂದ ಸಾಂಬಾರಿನ ವಾಸನೆ.

"ಅಮ್ಮ, ಒಂದೇ ಒಂದು ಇಡ್ಲಿ ತಿಂದ್ರೆ ಮಷಿನ್‌ಗೆ ಗೊತ್ತಾಗತ್ತಾ?"

ಆಟೋದವರು ನಕ್ಕು, ಹೋಟೆಲುಗಳಿಲ್ಲದ ದಾರಿಯಲ್ಲಿ ಕರೆದೊಯ್ಯುವುದಾಗಿ ಹೇಳಿ ಗಲ್ಲಿಯೊಂದಕ್ಕೆ ನುಗ್ಗಿಸಿದರು. ಅಲ್ಲಿ ಬೇಕರಿಯಿತ್ತು.

ಸ್ಕ್ಯಾನಿಂಗ್ ಕೋಣೆಯ ಒಳಗಿಂದ ಸುತ್ತಿಗೆ ಬಡಿದಂಥ ಸದ್ದು. ಅವಳ ಪುಟ್ಟ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಹೊರಗೆ ಕೂತಿದ್ದೆ. ಕೊನೆಗೆ ವಯಸ್ಸಾದ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು, ಫಿಲ್ಮನ್ನು ಬೆಳಕಿಗೆ ಹಿಡಿದರು.

"ನೋಡಿಮ್ಮ, ದ್ರಾಕ್ಷಿ ಗೊಂಚಲಿನ ಥರ ನೀರಿನ ಚೀಲಗಳು. ಒಂದರೊಳಗೆ ರಕ್ತ ಸೋರಿದೆ, ಅದಕ್ಕೇ ಊದಿರೋದು."

ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಕೇಳಿಯೇಬಿಟ್ಟೆ.

"ಕ್ಯಾನ್ಸರ್ ಅಲ್ಲಮ್ಮ. ಉಸಿರಿನ ನಳಿಕೆಗೂ ಏನೂ ತೊಂದ್ರೆ ಆಗಿಲ್ಲ."

ಊತ ನಿಧಾನವಾಗಿ ಇಳಿಯುತ್ತದೆ, ಆಮೇಲೆ ಚೀಲಗಳಿಗೆ ಔಷಧಿ ಚುಚ್ಚಿ ಕುಗ್ಗಿಸಬಹುದು, ಒಂದೇ ಸಲಕ್ಕೆ ಮುಗಿಯಲಿಕ್ಕಿಲ್ಲ ಎಂದರು. ನೆಗಡಿ ಬಂದಾಗ ಮತ್ತೆ ಊದಬಹುದಂತೆ. ಜ್ವರ ಬಂದರೆ, ಉಸಿರಾಟ ಕಷ್ಟವಾದರೆ ತಡಮಾಡದೆ ಬರಬೇಕು. ನಾನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ. ಕಣ್ಣೀರು ತನ್ನ ಪಾಡಿಗೆ ಇಳಿಯುತ್ತಿತ್ತು.

ಸಿಂಧು ಎಚ್ಚರಗೊಂಡು ಚೇತರಿಸಿಕೊಂಡ ಮೇಲೆ ಎದುರಿನ ಹೋಟೆಲಿನಲ್ಲಿ ತನ್ನ ಇಡ್ಲಿಯ ಜೊತೆ ನನ್ನ ವಡೆಯನ್ನೂ ಮುಗಿಸಿದಳು. ಡಾಕ್ಟರು ಹೇಳಿದ್ದನ್ನು ಅವಳಿಗೆ ತಿಳಿಯುವಂತೆ ಹೇಳಿದೆ. ಅಲ್ಲಿಂದ ಮನೆಗೆ ಹೋಗದೆ ಅವೆನ್ಯೂ ರಸ್ತೆಗೆ ಆಟೋ ಹಿಡಿದೆವು.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮನ್ನು ಕಂಡು ಯಜಮಾನರು ನೋಟ್‌ಬುಕ್ಕಿನ ಕಟ್ಟು ಹಿಡಿದವರು ಹಾಗೇ ನಿಂತರು. ನಾನು ಬಾಯಿ ತೆರೆಯುವ ಮೊದಲೇ ಸಿಂಧು ಹೇಳಿದಳು:

"ಅಪ್ಪ, ನನ್ ಕತ್ತಲ್ಲಿ ದ್ರಾಕ್ಷಿ ಇದೆಯಂತೆ. ಡಾಕ್ಟ್ರು ಒಣದ್ರಾಕ್ಷಿ ಮಾಡ್ತಾರಂತೆ."

ಅವರು ನನ್ನ ಮುಖ ನೋಡಿದರು. ಭಯವಿಲ್ಲವಂತೆ ಎಂದೆ. ಕಟ್ಟನ್ನು ಕೆಳಗಿಟ್ಟು, ಅದರ ಮೇಲೇ ಕೂತು, ಟವಲ್ಲಿನಿಂದ ಮುಖ ಮುಚ್ಚಿಕೊಂಡರು.

ಆಟೋ ಮನೆಯ ಕಡೆ ಹೊರಟಾಗ ಹಿಂತಿರುಗಿ ನೋಡಿದೆ. ಗಿರಾಕಿಗಳನ್ನೆಲ್ಲ ಕಾಯಲು ಬಿಟ್ಟು, ಅವರು ಮೆಟ್ಟಿಲ ಮೇಲೆ ನಿಂತು, ತಮ್ಮ ಕತ್ತನ್ನೇ ಮುಟ್ಟಿ ತೋರಿಸುತ್ತ ಪಕ್ಕದ ಅಂಗಡಿಯವರಿಗೆ ನಗುನಗುತ್ತ ವಿವರಿಸುತ್ತಿದ್ದರು.