ಹನ್ನೊಂದು ಆಟೊಗಳಿಗೆ ಸರದಿ ಕಲಿಸಿದ ಟೆಸ್ಟರಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಓಣಿಯ ಉದ್ದಕ್ಕೂ ಎಲೆಕ್ಟ್ರಿಕ್ ಆಟೊಗಳು ಮನೆಗೋಡೆಗೆ ಒತ್ತಿ ನಿಂತಿವೆ. ನಡುವಯಸ್ಸಿನ ಹೆಣ್ಣುಮಗಳೊಬ್ಬರು ಒಂದೊಂದೇ ಗಾಡಿಯ ಬಳಿ ಹೋಗಿ ಪ್ಲಗ್ಗನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದಾರೆ. "ಶಾಕ್ ಹೊಡೆದ್ರೆ ಅಂಗೈ ಹಿಡ್ಕೊಂಡುಬಿಡುತ್ತೆ. ಹಿಂಬದಿ ಆದ್ರೆ ಕೈ ತಾನಾಗೇ ಹಾರುತ್ತೆ" ಎನ್ನುತ್ತಾರೆ. ಪ್ಲಗ್ಗು ಬೆಚ್ಚಗಿದ್ದರೆ ಗಾಡಿ ಇನ್ನೂ ಉಣ್ಣುತ್ತಿದೆ, ತಣ್ಣಗಿದ್ದರೆ ಉಂಡೆದ್ದು ಬಹಳ ಹೊತ್ತಾಗಿದೆ. ಇದು ಇವರ ಲೆಕ್ಕ.

ಜೇಬಿನಲ್ಲಿ ಸದಾ ಟೆಸ್ಟರ್ ಇರುವುದರಿಂದ ಓಣಿಯವರಿಗೆಲ್ಲ ಇವರು ಟೆಸ್ಟರಕ್ಕ. ಅಪ್ಪನೂ ವೈರಿಂಗ್ ಕೆಲಸದವರೇ. ಅಪ್ಪನ ಏಣಿ ಹಿಡಿಯುತ್ತ ಹಿಡಿಯುತ್ತ ಮಗಳು ತಾನೇ ಏಣಿ ಹತ್ತಿದರು. ಮೊದಮೊದಲು ಬಾಗಿಲು ತೆಗೆದವರು ಇವರ ಬೆನ್ನ ಹಿಂದೆ ಇಣುಕಿ, ವೈರಿಂಗಿನವರು ಎಲ್ಲಿ ಎಂದು ಕೇಳುತ್ತಿದ್ದರಂತೆ. "ಹಿಂದೆ ಬರ್ತಿದ್ದಾರೆ ಅಂದು ಒಳಗೆ ಹೋಗಿ ಕೆಲಸ ಮುಗಿಸಿಬಿಡ್ತಿದ್ದೆ" ಎಂದು ನಗುತ್ತಾರೆ. ಇಂದು ಮಾತ್ರ ಆ ನಗು ತುಟಿ ದಾಟುತ್ತಿಲ್ಲ. ವಿದ್ಯುತ್ ಕಚೇರಿ ಕೊಟ್ಟ ಒಂದು ತಿಂಗಳ ಗಡುವು ಇಂದಿಗೆ ಮುಗಿಯುತ್ತದೆ.

ಗಡುವಿನ ಕತೆ ಹೀಗೆ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ಮನೆಯಲ್ಲಿ ಗಾಡಿ ಚಾರ್ಜ್ ಮಾಡುವವರಿಗೆ ಕರೆಂಟಿನ ದರ ಸಂಜೆಯದರಲ್ಲಿ ಅರ್ಧ ಎಂದಾಯಿತು. ದಿನವಿಡೀ ಓಡಿಸಿ, ಸಂಜೆಯ ದುಬಾರಿ ಹೊತ್ತಿನಲ್ಲೇ ಪ್ಲಗ್ಗು ಚುಚ್ಚುತ್ತಿದ್ದ ಆಟೊದವರಿಗೆ ಹಾಲು ಕುಡಿದಷ್ಟು ಸಂತೋಷ. ಹನ್ನೊಂದು ಮನೆಗಳಿಗೂ ಟೈಮರ್ ಹಾಕಿಕೊಟ್ಟವರು ಟೆಸ್ಟರಕ್ಕನೇ. ಅಗ್ಗದ ಹೊತ್ತಿನಲ್ಲಿ ಒಂದು ನಿಮಿಷವೂ ಪೋಲಾಗಬಾರದೆಂದು ಎಲ್ಲರೂ ಸರಿಯಾಗಿ ಹನ್ನೊಂದಕ್ಕೇ ಇಡಿಸಿಕೊಂಡರು. ಹನ್ನೊಂದಾಯಿತು. ಹನ್ನೊಂದು ಗಾಡಿಗಳೂ ಒಂದೇ ಏಟಿಗೆ ಬಾಯಿ ಹಾಕಿದವು. ಕಂಬದ ಫ್ಯೂಸು ಢಂ! ಇಡೀ ಓಣಿ ಕತ್ತಲು.

"ತಪ್ಪು ನಂದೇ. ಒಂದೊಂದು ಮನೆ ನೋಡಿದೆ, ಕಂಬ ನೋಡ್ಲಿಲ್ಲ" ಎಂದು ಅವರು ನೇರವಾಗಿ ಒಪ್ಪಿಕೊಳ್ಳುತ್ತಾರೆ.

ಕಚೇರಿಯವರು ಫ್ಯೂಸ್ ಬದಲಿಸಿ, ಕಂಬದ ಪೆಟ್ಟಿಗೆಗೆ ಸೀಲು ಹಾಕಿ ಹೋದರು. ತಿಂಗಳೊಳಗೆ ಫ್ಯೂಸು ಮತ್ತೆ ಹಾರಿ ಆ ಸೀಲು ಒಡೆಯಬೇಕಾಗಿ ಬಂದರೆ ಓಣಿಯಲ್ಲಿ ಮನೆ ಚಾರ್ಜಿಂಗೇ ಬಂದ್. ಆಮೇಲೆ ಹೆದ್ದಾರಿಯ ಚಾರ್ಜಿಂಗ್ ಸ್ಟೇಷನ್ನೇ ಗತಿ. ಅಲ್ಲಿ ದರವೂ ಹೆಚ್ಚು, ಕಾಯುವುದರಲ್ಲೇ ಅರ್ಧ ದಿನದ ಬಾಡಿಗೆ ಮುಗಿದಿರುತ್ತದೆ.

ಟೆಸ್ಟರಕ್ಕ ಗಾಡಿಗಳನ್ನು ಎರಡು ಸರದಿ ಮಾಡಿದರು. ಬೆಳಿಗ್ಗೆ ಬೇಗ ಹೊರಡುವವರಿಗೆ ಮೊದಲ ಸರದಿ, ತಡವಾಗಿ ಹೊರಡುವವರಿಗೆ ಎರಡನೆಯದು. ಹೇಳುವುದು ಸುಲಭ. ಎರಡನೇ ಸರದಿ ಎಂದರೆ ಎಲ್ಲರಿಗೂ ಅನುಮಾನ: ನಡುವೆ ಕರೆಂಟು ಹೋದರೆ? ಓಣಿಯ ಹಿರಿಯ ಚಾಲಕ ಮೀಸೆ ಮಾವನಂತೂ ಒಪ್ಪಿದಂತೆ ತಲೆಯಾಡಿಸಿ, ಗುಟ್ಟಾಗಿ ಟೈಮರನ್ನು ಮತ್ತೆ ಹನ್ನೊಂದಕ್ಕೇ ತಿರುಗಿಸಿಟ್ಟರು. ಮರುದಿನ ಬೆಳಿಗ್ಗೆ ಎರಡನೇ ಸರದಿಯ ಪ್ಲಗ್ಗುಗಳೆಲ್ಲ ಬೆಚ್ಚಗಿದ್ದರೆ ಮಾವನದೊಂದೇ ತಣ್ಣಗೆ!

"ಏನ್ ಮಾವ, ನಿಮ್ಮ ಗಾಡಿ ಎಲ್ಲರಿಗಿಂತ ಮುಂಚೆ ಉಂಡು ಕೈ ತೊಳ್ಕೊಂಡಿದೆ?"

"ಕೊನೇಲಿ ಕೂತೋರಿಗೆ ಪಾತ್ರೆ ತಳ ಕಾಣ್ಸುತ್ತಲ್ಲಮ್ಮ" ಎಂದು ಮಾವ ಮೀಸೆ ತೀಡಿಕೊಂಡರು.

ಟೆಸ್ಟರಕ್ಕ ಜಗಳ ಆಡಲಿಲ್ಲ. ಎರಡನೇ ಸರದಿಯ ಯಾವ ಗಾಡಿ ಬೆಳಿಗ್ಗೆ ತುಂಬಿರದಿದ್ದರೂ ಆ ದಿನ ತನ್ನ ತಮ್ಮನ ಆಟೊ ಕೊಡಿಸುತ್ತೇನೆ ಎಂದು ಮಾತು ಕೊಟ್ಟರು. ಮೊದಲ ಸರದಿಯ ತಮ್ಮ ಇದನ್ನು ಕೇಳಿದ್ದು ಎಲ್ಲರ ಕೊನೆಗೆ. "ಅತ್ತೆ ಒಡವೆ ಅಳಿಯ ದಾನ ಮಾಡಿದ ಹಾಗಾಯ್ತು. ನನ್ನನ್ನೊಂದು ಮಾತು ಕೇಳಬೇಡ್ವಾ?" ಎಂದು ಇಂದಿಗೂ ಗೊಣಗುತ್ತಾರೆ. ಗೊಣಗಿದರೂ ಇಲ್ಲ ಎನ್ನಲಿಲ್ಲ. ಮಾವ ಟೈಮರನ್ನು ಮತ್ತೆ ಎರಡನೇ ಸರದಿಯ ಹೊತ್ತಿಗೆ ತಿರುಗಿಸಿದರು. ತಮ್ಮನ ಗಾಡಿ ಒಮ್ಮೆಯೂ ಕೈ ಬದಲಾಗಲಿಲ್ಲ.

ಆರು ಗಂಟೆ. ಟೈಮರುಗಳು ಒಂದರ ಹಿಂದೊಂದು ಟಕ್ ಎನ್ನುತ್ತವೆ. ಅಷ್ಟರಲ್ಲಿ ಕಚೇರಿಯ ಲೈನ್‌ಮ್ಯಾನ್ ಬಂದು ಕಂಬಕ್ಕೆ ಏಣಿ ಒರಗಿಸಿ ಹತ್ತುತ್ತಾರೆ. ಓಣಿಯ ಮಂದಿಯೆಲ್ಲ ಹಲ್ಲುಜ್ಜುವುದನ್ನು ಅಲ್ಲಿಗೇ ಬಿಟ್ಟು ಮೇಲೆ ನೋಡುತ್ತಾರೆ. ಟೆಸ್ಟರಕ್ಕ ಮಾತ್ರ ನೆಲ ನೋಡುತ್ತಿದ್ದಾರೆ.

"ಸೀಲು ಹಾಕಿದ ಹಾಗೇ ಇದೆ" ಎಂದು ಮೇಲಿನಿಂದ ದನಿ ಬರುತ್ತದೆ. "ಇನ್ನು ಗಡುವಿಲ್ಲ. ನಡೆಸ್ಕೊಂಡು ಹೋಗಿ."

ಹನ್ನೊಂದು ಹಾರನ್‌ಗಳು ಒಟ್ಟಿಗೇ ಮೊಳಗುತ್ತವೆ. ಮೀಸೆ ಮಾವನದು ಎಲ್ಲಕ್ಕಿಂತ ಜೋರು. ಓಣಿ ಗೆದ್ದಿದೆ! ನಿಂತು ನೋಡುತ್ತಿದ್ದ ನಾನೂ ಚಪ್ಪಾಳೆ ತಟ್ಟಿದೆ, ಮುಚ್ಚಿಡುವುದೇಕೆ?

ಈ ಗೆಲುವು ನಿಮ್ಮದೇ ಅಲ್ಲವೇ ಎಂದರೆ ಟೆಸ್ಟರಕ್ಕ ಬೇಡವೆಂಬಂತೆ ಕೈ ಅಲ್ಲಾಡಿಸುತ್ತಾರೆ. ಆಮೇಲೆ ತಾವಾಗಿಯೇ ಹೇಳುತ್ತಾರೆ: "ನಮ್ಮ ಕಸುಬಿನಲ್ಲಿ ಕರೆಂಟು ಹೋದಾಗಲೇ ಜನ ನಮ್ಮನ್ನ ನೆನೆಸ್ಕೊಳ್ಳೋದು, ಅದೂ ಬೈದ್ಕೊಂಡು. ಈ ತಿಂಗಳು ಒಬ್ಬರೂ ನನ್ನ ಬಾಗಿಲು ಬಡೀಲಿಲ್ಲ ನೋಡಿ. ಅದಕ್ಕಿಂತ ಸನ್ಮಾನ ಇನ್ನೇನ್ ಬೇಕು?"