ಶಿವಲಿಂಗಪ್ಪನವರ ಮೊದಲ ಆಯ್ಕೆ

2022ನೆಯ ಇಸವಿ, ನನಗಾಗ ಐವತ್ತೊಂದು ವರ್ಷ. ಉದಗೀರದ ಅಡತಿ ವ್ಯಾಪಾರಿ ಶಿವಲಿಂಗಪ್ಪನವರು ತೊಗರಿಯ ಚೀಲದೊಳಗೆ ಕೈಯಿಳಿಸಿ, ಹಿಡಿಕಾಳನ್ನು ಅಂಗೈಮೇಲೆ ಹರಡಿ, ರೆಪ್ಪೆ ಬಡಿಯುವಷ್ಟರಲ್ಲಿ ದರ ಹೇಳಿಬಿಡುತ್ತಿದ್ದರು. ಅಂಥವರು ಉಮರಗಾದ ನಮ್ಮ ಪಡಸಾಲೆಯಲ್ಲಿ ಕುಳಿತು, ನಾಲ್ಕು ನಾಯಿಮರಿಗಳಲ್ಲಿ ಒಂದನ್ನು ಆರಿಸಲಾರದೆ ನನ್ನ ತಾಳ್ಮೆಯನ್ನು ಹಿಂಡಿಹಾಕಿದರು.

ಪೊಮೆರೇನಿಯನ್ ಸಾಕುವುದು ನಮ್ಮೆರಡೂ ಮನೆತನಗಳ ಹವ್ಯಾಸ. ನಮ್ಮ ಚಿನ್ನಿಯನ್ನು ಅವರ ರಾಜಾನೊಡನೆ ಕೂಡಿಸಿದ್ದೆವು. ಹೀಗೆ ಕೂಡಿಸಿದಾಗ ಗಂಡುನಾಯಿಯ ಒಡೆಯರು ಹಣ ಮುಟ್ಟುವುದಿಲ್ಲ. ಮರಿಗಳಲ್ಲಿ ಮೊದಲ ಆಯ್ಕೆ ಅವರದು. ಅವರು ಆರಿಸುವವರೆಗೆ ಯಾವ ಮರಿಯೂ ಹೊಸ್ತಿಲು ದಾಟುವಂತಿಲ್ಲ. ಆದುದರಿಂದಲೇ ಯಾವುದಕ್ಕೂ ಹೆಸರಿಡಕೂಡದೆಂದು ನನ್ನ ಹೆಂಡತಿ ಸುವರ್ಣಾಳನ್ನು ಎಚ್ಚರಿಸಿದ್ದೆ. ಅಷ್ಟರಲ್ಲಿ ಆಕೆ ಕಂದುಗಿವಿಯ ಹೆಣ್ಣುಮರಿಯನ್ನು ಬರ್ಫಿ ಎಂದು ಕರೆದಾಗಿತ್ತು. ಅದನ್ನೇ ಅವರು ಒಯ್ದಾರೆಂಬ ಭಯವೂ ಆಕೆಗೆ ಹಿಡಿದಿತ್ತು.

ಪ್ರತಿ ಭಾನುವಾರ ಅವರು ನಿಲಂಗಾದಲ್ಲಿ ಬಸ್ಸು ಬದಲಿಸಿ ಬರುವರು. ಟೋಪಿ ತೆಗೆದು ಮೊಣಕಾಲ ಮೇಲಿಡುವರು. ಸುವರ್ಣಾ ಬರ್ಫಿಯನ್ನು ಉಡಿಯಲ್ಲಿಟ್ಟುಕೊಂಡು ಒಳಬಾಗಿಲಲ್ಲಿ ಕೂರುವಳು. ಅವರು ಉಳಿದ ಮೂರರ ಹಲ್ಲು, ಪಾದ, ಬಾಲದ ಸುರುಳಿಗಳನ್ನು ಪರೀಕ್ಷಿಸಿ, ಎರಡು ಸಲ ಚಹಾ ಕುಡಿದು, ಬರಿಗೈಯಲ್ಲಿ ಏಳುವರು. ಒಂದು ವಾರ “ಕಿವಿ ಇನ್ನಾ ನೆಟ್ಟಗ ನಿಂತಿಲ್ರೀ,” ಮತ್ತೊಂದು ವಾರ “ಇವತ್ತ ಅಮಾಸಿ, ಬ್ಯಾಡ್ರಿ.” ಶಾಲಾ ಮಾಸ್ತರನಾದ ನಾನು ಮುಖ ಬಿಗಿದರೆ ಮರಾಠಿಯಲ್ಲಿ “ಘಾಯಿ ಕಶಾಲಾ, ಗುರೂಜಿ?” ಎಂದು, ಅವಸರವೇಕೆಂದು ನಗುವರು.

ಒಂದು ಮರಿಯ ಮಾತು ಪಡೆದಿದ್ದ ನಿಲಂಗಾದ ನನ್ನ ಷಡ್ಡಕ ಫೋನಿನಲ್ಲಿ ಹಂಗಿಸಿದ: “ಮರಿ ಕೊಡ್ತೀರೋ, ಅದರ ಮೊಮ್ಮಗನ್ನ ಕೊಡ್ತೀರೋ?”

ದೀಪಾವಳಿಯ ಹಿಂದಿನ ವಾರ ನನಗೆ ತಡೆಯಲಾಗಲಿಲ್ಲ. “ಶಿವಲಿಂಗಪ್ಪಾರ, ಇವತ್ತ ಒಂದು ಹೇಳೇ ಏಳಬೇಕ್ರಿ. ಇದೇನು ಸಂತಿ ಅಂತ ತಿಳದೀರೇನು?”

ಅವರು ಟೋಪಿ ಹಾಕಿಕೊಂಡರು. “ನಾ ಮೊದಲ್ನೇ ದಿನಾನ ಆರಿಸೀನ್ರೀ ಗುರೂಜಿ. ಅದು ವೈನಿಯವರ ಉಡ್ಯಾಗ ಕುಂತದ. ಹೆಣ್ಮಗಳ ಉಡ್ಯಾಗಿಂದು ನಾ ಹೆಂಗ ಕೇಳ್ಲಿ? ಒಂದರೆ ಐತವಾರ ಬ್ಯಾರೇದು ತೊಗೊಂಡು ಕುಂಡರ್ತಾರೇನೋ ಅಂತ ತಿರಗ್ಯಾಡಿದ್ನಿ.”

ಸುವರ್ಣಾಳ ಮುಖ ಬಾಡಿತು. ಆದರೂ ಎದ್ದುಬಂದು ಮರಿಯನ್ನು ಮುಂದೆ ಹಿಡಿದಳು. “ತೊಗೊಂಡ ಹೋಗ್ರಿ ಅಣ್ಣಾ.”

“ಛೇ, ಛೇ! ಮುಂದಿನ ಸೂಲಿಗಿ ನೋಡೂಣು ವೈನಿ. ಆವಾಗರೆ ಉಡಿ ಖಾಲಿ ಇಟಗೋರಿ.”

ಉಳಿದ ಮೂರರಲ್ಲಿ ಒಂದನ್ನಾದರೂ ಒಯ್ಯಿರೆಂದು ಬಸ್ ನಿಲ್ದಾಣದವರೆಗೂ ವಾದಿಸಿದೆ. ಬಾಯಿಬಿಟ್ಟು ಹೇಳಿದ್ದರೆ ಮೊದಲ ಭಾನುವಾರವೇ ಮುಗಿಯುತ್ತಿದ್ದ ಸಂಗತಿಯಿದು! ಅವರು ಕಿಟಕಿಯಿಂದ ಕೈಬೀಸಿದರು. ಅದೇ ಕೊನೆಯ ಭೇಟಿ.

ಆ ಚಳಿಗಾಲದಲ್ಲಿ ರಾಜಾ ಸತ್ತಿತು. ಮರು ಮಳೆಗಾಲದಲ್ಲಿ ಶಿವಲಿಂಗಪ್ಪನವರೂ ತೀರಿಕೊಂಡರು. ಚಿನ್ನಿ ಮತ್ತೆ ಮರಿ ಹಾಕಲಿಲ್ಲ. ಕೊಡಬೇಕಾದುದನ್ನು ಯಾರಿಗೆ ಕೊಡುವುದೆಂದು ಸತ್ತವರ ಮೇಲೆಯೇ ಸಿಟ್ಟಾದೆ. ಆ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಬರ್ಫಿ ಮರಿ ಹಾಕಿದಾಗ ಸುವರ್ಣಾ ನನ್ನನ್ನು ಕೇಳಲಿಲ್ಲ. ತನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಮರಿಯನ್ನೇ ಬುಟ್ಟಿಯಲ್ಲಿಟ್ಟುಕೊಂಡು ಉದಗೀರಕ್ಕೆ ಹೊರಟಳು, ನಾನು ಹಿಂಬಾಲಿಸಿದೆ. ಅಡತಿ ಅಂಗಡಿಯಲ್ಲಿ ಈಗ ಶಿವಲಿಂಗಪ್ಪನವರ ಸೊಸೆ ಕೂರುತ್ತಾಳೆ. ಮರಿಯನ್ನು ಆಕೆಯ ಕೈಗಿತ್ತು ಲೆಕ್ಕ ಚುಕ್ತಾ ಮಾಡಿದ್ದು 2024ನೆಯ ಫೆಬ್ರುವರಿ 11, ಭಾನುವಾರ.