ಪಡುವಣ ಗೋಡೆಯ ಕಲ್ಲು

ಅಪ್ಪ ಅಂದು ಬೆಳಿಗ್ಗೆ ಅಂಗಿಯ ಗುಂಡಿಗಳನ್ನು ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡು ಹೊರಟಿದ್ದರು. ರಜೆಗೆಂದು ತವರಿಗೆ ಬಂದಿದ್ದ ನಾನು ಸರಿಮಾಡಲು ಹೋದರೆ ಕೈ ತಳ್ಳಿದರು.

"ಎಲ್ಲಾ ಮುಗೀತು ಮಗಳೇ. ಇವತ್ತು ದೊರೆಯ ವಂಶದವರೇ ಬರ್ತಾರಂತೆ."

ಸಮುದ್ರದ ದಂಡೆಯಲ್ಲಿ ಬಿಳಿಯರ ದೊರೆಯೊಬ್ಬ ಕಟ್ಟಿಸಿದ ಕೋಟೆಯನ್ನು ಬಂದವರಿಗೆ ತೋರಿಸುವುದು ಅಪ್ಪನ ಕೆಲಸ. ಊರಿಗೆಲ್ಲ ಅವರು ಕೋಟೆ ಮಾಮ. ದೊರೆಯ ವಿಷಯ ಹೇಳುವಾಗ ಸ್ವಂತ ಷಡ್ಡಕನ ವಿಷಯ ಹೇಳಿದ ಹಾಗೆ ಹೇಳುತ್ತಾರೆ. ದೊರೆಗಳು ಹೋಗಿ ತಲೆಮಾರುಗಳಾದವು, ಅವರ ಫಿರಂಗಿ, ಉಗ್ರಾಣ, ಬಾಗಿಲಿಲ್ಲದ ಕುದುರೆಲಾಯ ಮಾತ್ರ ನಮ್ಮ ಮನೆಯ ಒಲೆ ಉರಿಸುತ್ತಲೇ ಇವೆ.

ಆದರೆ ಜನ ಮುಗಿಬೀಳುವುದು ಫಿರಂಗಿಗಲ್ಲ. ಪಡುವಣ ಗೋಡೆಯ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿದೆ. ಉಪ್ಪುಗಾಳಿಗೆ ಅದರ ಅಕ್ಷರಗಳೆಲ್ಲ ಸವೆದುಹೋಗಿವೆ. ಅದರ ಕೆಳಗೆ ದೊರೆಯ ಮಗಳು ಮಲಗಿದ್ದಾಳೆ ಎನ್ನುತ್ತಾರೆ ಅಪ್ಪ. ಜ್ವರ ಬಂದ ಆ ಪುಟ್ಟ ಹುಡುಗಿ ತಂದೆಯ ಟೋಪಿಯನ್ನು ತಲೆಯಡಿ ಇಟ್ಟುಕೊಂಡು, "ಹಡಗು ಬಂದ್ರೆ ನನ್ನ ಎಬ್ಬಿಸಪ್ಪ" ಎಂದು ಕಣ್ಣು ಮುಚ್ಚಿದಳಂತೆ. ಗಟ್ಟಿ ಗಂಡಸರೂ ಅಲ್ಲಿ ಮೂಗೊರೆಸಿಕೊಳ್ಳುತ್ತಾರೆ. ದಂಡೆಯಿಂದ ಚಿಪ್ಪೊಂದನ್ನು ಹೆಕ್ಕಿ ತಂದು ಕಲ್ಲಿನ ಮೇಲಿಟ್ಟು ಹೋಗುತ್ತಾರೆ.

"ಅಲ್ಲಿ ನಿಜವಾಗ್ಲೂ ಯಾರನ್ನಾದ್ರೂ ಹೂತಿದ್ದಾರಾ?" ದಾರಿಯಲ್ಲಿ ಕೇಳಿದೆ.

"ಅದು ಗಡಿಕಲ್ಲು ಕಣೇ. ಕಾಗಕ್ಕ ಗುಬ್ಬಕ್ಕನ ಕತೆ ಕಟ್ಟಿದ್ರೆ ಕೆಲಸದಿಂದ ತೆಗೀತೀನಿ ಅಂತ ಕೋಟೆಯ ಮ್ಯಾನೇಜರಮ್ಮ ಮೊದಲೇ ಹೇಳಿದ್ದಾರೆ. ಈ ವಯಸ್ಸಲ್ಲಿ ನಂಗಿನ್ಯಾರು ಕೆಲಸ ಕೊಡ್ತಾರೆ?"

ನನಗೆ ಸಿಟ್ಟೇ ಬಂತು. ಅಷ್ಟು ದೊಡ್ಡ ಕೋಟೆಯಲ್ಲಿ ಹೇಳಲಿಕ್ಕೆ ನಿಜವಾದ ಕತೆ ಒಂದೂ ಸಿಗಲಿಲ್ಲವೇ ಈ ಮನುಷ್ಯನಿಗೆ? ಬಾಯಿ ಬಿಟ್ಟರೆ ಬಣ್ಣಗೇಡು, ಇವತ್ತು ಆ ಕಲ್ಲಿನ ಕಡೆ ತಲೆ ಹಾಕಿಯೂ ಮಲಗಬೇಡಿ ಎಂದೆ. ಆಯಿತೆಂದು ತಲೆಯಾಡಿಸಿದರು. ಆದರೂ ಧೈರ್ಯ ಸಾಲದೆ ನಾನೂ ಜೊತೆಗೆ ಹೋದೆ.

ಬಂದವರು ಕೋಲೂರಿಕೊಂಡು ನಡೆಯುವ ಒಬ್ಬ ಅಜ್ಜಿ, ದೊರೆಯ ತಮ್ಮನ ಕಡೆಯವರಂತೆ. ಪಕ್ಕದಲ್ಲಿ ಮ್ಯಾನೇಜರಮ್ಮ, ಅಪ್ಪನ ಮಾತನ್ನು ಅವರ ಭಾಷೆಗೆ ತಿರುಗಿಸುತ್ತ. ಫಿರಂಗಿ ಮುಗಿಯಿತು, ಉಗ್ರಾಣವೂ ಮುಗಿಯಿತು. ಅಪ್ಪ ಪಡುವಣ ಗೋಡೆಗೆ ಬೆನ್ನು ಹಾಕಿ ಗೇಟಿನ ಕಡೆ ತಿರುಗಿದರು. ಸದ್ಯ ಬದುಕಿಕೊಂಡೆವು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅಜ್ಜಿ ಕೋಲೆತ್ತಿ ಚಿಪ್ಪಿನ ರಾಶಿಯನ್ನು ತೋರಿಸಿ, ಅದೇನು ಎಂದು ಕೇಳಿದರು.

ಗಡಿಕಲ್ಲು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಗೇಟಿನ ಕಡೆಯಿಂದ ಕಲ್ಲಿನ ಕಡೆಗೆ ತಿರುಗಿದರು. ಆಮೇಲೆ ಟೋಪಿಯಿಂದ ಹಿಡಿದು ಹಡಗಿನವರೆಗೆ ಇಡೀ ಕತೆ ಹೇಳಿಬಿಟ್ಟರು.

ಅಜ್ಜಿ ಮೆಲ್ಲಗೆ ಏನೋ ಹೇಳಿದರು. ಮ್ಯಾನೇಜರಮ್ಮನ ಮುಖ ಕೆಂಪಾಯಿತು.

"ಆ ದೊರೆಗೆ ಮದುವೆಯೇ ಆಗಿರ್ಲಿಲ್ವಂತೆ, ಮಕ್ಕಳೂ ಇರ್ಲಿಲ್ವಂತೆ. ಹಾಗಾದ್ರೆ ಈ ಮಗು ಯಾರದು ಅಂತ ಕೇಳ್ತಿದ್ದಾರೆ. ಹೇಳಿ ಈಗ!"

"ನಂದು," ಎಂದರು ಅಪ್ಪ.

ನಾನು ಹುಟ್ಟುವ ಮೊದಲು ನನಗೊಬ್ಬಳು ಅಕ್ಕ ಇದ್ದಳು, ಜ್ವರ ಬಂದು ಹೋದಳು ಎನ್ನುವಷ್ಟೇ ನನಗೆ ಗೊತ್ತಿದ್ದದ್ದು. ಮನೆಯಲ್ಲಿ ಯಾರಾದರೂ ಅವಳ ಮಾತೆತ್ತಿದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದರು. ಹಾಗಾಗಿ ಎತ್ತುವುದೇ ನಿಂತಿತ್ತು. ಇಷ್ಟು ವರ್ಷ ಗುರುತು ಪರಿಚಯವಿಲ್ಲದ ಜನರೆಲ್ಲ ಇಲ್ಲಿ ನಿಂತು ಅತ್ತದ್ದು ನನ್ನ ಅಕ್ಕನಿಗಾಗಿ. ಅಳದೇ ಉಳಿದವಳು ನಾನೇ. ಅಲ್ಲೇ ನಿಂತು ಅತ್ತೆ.

ಮ್ಯಾನೇಜರಮ್ಮ ಆ ಒಂದು ಪದವನ್ನು ಅಜ್ಜಿಗೆ ತಿಳಿಸಿದರು. ಅಜ್ಜಿ ಕಷ್ಟಪಟ್ಟು ಬಗ್ಗಿ, ನೆಲಕ್ಕೆ ಬಿದ್ದಿದ್ದ ಚಿಪ್ಪೊಂದನ್ನು ಎತ್ತಿ ಕಲ್ಲಿನ ಮೇಲಿಟ್ಟರು. ಅದನ್ನು ನೋಡಿಯೋ ಏನೋ, ಅಪ್ಪನ ಕೆಲಸ ಉಳಿಯಿತು.

"ಆದ್ರೆ ಈ ಕತೆ ಇವತ್ತಿಗೇ ಕೊನೆ. ನಾಳೆಯಿಂದ ಇದು ಗಡಿಕಲ್ಲು, ಅಷ್ಟೇ," ಎಂದರು ಮ್ಯಾನೇಜರಮ್ಮ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತ ಅಪ್ಪ ತುತ್ತು ಎತ್ತಲಿಲ್ಲ. ನಡೆದದ್ದನ್ನೆಲ್ಲ ತಟ್ಟೆ ನೋಡುತ್ತಲೇ ಹೇಳಿದರು. "ಇನ್ನು ಅವಳ ಮಾತು ನಾನು ಎಲ್ಲಿ ಆಡ್ಲಿ?" ಎಂದರು.

ನಾನು ಹೆದರಿ ಅಮ್ಮನ ಕಡೆ ನೋಡಿದೆ. ಎದ್ದು ಹೋಗುತ್ತಾರೆಂದುಕೊಂಡೆ. ಅಮ್ಮ ಸೌಟು ಕೆಳಗಿಟ್ಟರು.

"ಟೋಪಿ ವಿಷಯ ಹೇಳ್ತಿದ್ರಾ?"

"ಹ್ಞೂಂ."

"ಅಪ್ಪನ ಟೋಪಿಗೆಲ್ಲಾ ತಲೆ ಎಣ್ಣೆ ಮಾಡ್ತೀಯಾ ಅಂತ ನಾನು ಅವಳನ್ನ ಬೈದದ್ದು?"

"ಅದನ್ನ ಯಾರಿಗೂ ಹೇಳಿಲ್ಲ."

ಅಮ್ಮ ಅಂಗೈಯಿಂದ ಮುಖ ಒರೆಸಿಕೊಂಡು ಅಪ್ಪನ ಎದುರಿಗೆ ಕೂತರು.

"ಹಾಗಾದ್ರೆ ಇನ್ಮೇಲೆ ಇಲ್ಲೇ ಹೇಳಿ. ಮೊದಲಿಂದ ಹೇಳಿ, ಇವಳೂ ಕೇಳಲಿ."